ಕೂತರೆ ಬರುವ ನೋವು

ಹುಡುಗಿಯನ್ನು ಆಸ್ಪತ್ರೆಯಿಂದ ತವರುಮನೆಗೆ ಕರೆತಂದ ಮಾರನೇ ಬೆಳಗ್ಗೆ ಹಂಡೆ ಕಾಯಿಸಿ, ಬಚ್ಚಲಲ್ಲಿ ಸ್ಟೂಲು ಹಾಕಿ, ಮೆಲ್ಲಗೆ ನಡೆಸಿಕೊಂಡು ಹೋಗಿ ಕೂರಿಸಿದೆ. ಹೊಟ್ಟೆ ಕುಯ್ದು ಮಗು ತೆಗೆದವರಿಗೆ ನೆಲದ ಮಣೆ ಆಗುವುದಿಲ್ಲ, ಏಳುವಾಗ ಹೊಲಿಗೆ ಎಳೆಯುತ್ತದೆ. ಮೊದಲ ಚೊಂಬು ಸೊಂಟಕ್ಕೆ ಬೀಳುವ ಮುಂಚೆಯೇ ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಗೋಡೆಗೆ ಒರಗಿದಳು.

“ಒಲ್ಗೆ ಎಳೀತಾ?” ಅಂದೆ.

“ಒಲ್ಗೆ ಅಲ್ಲ ಅಜ್ಜಿ, ತಲೆ. ಒಳಗಿಂದ ಯಾರೋ ಕೆಳೀಕೆ ಜಗ್ದಂಗಾಯ್ತದೆ.”

ಬೇಗ ಬೇಗ ಉಯ್ದೆ. ಮುಗಿಯುವಷ್ಟರಲ್ಲಿ ವಾಂತಿ ಮಾಡಿದಳು. ಮೈ ಒರೆಸಿ ತಂದು ಮಂಚದ ಮೇಲೆ ಮಲಗಿಸಿದೆ. ತಲೆ ದಿಂಬಿಗೆ ತಾಗಿ ಒಂದು ಗಳಿಗೆ ಆಗಿರಲಿಲ್ಲ, ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು.

“ಈಗ ಎಂಗದೆ?”

“ಈಗ ಏನೂ ಇಲ್ಲ.”

ಕೂತರೆ ನೋವು, ಮಲಗಿದರೆ ಇಲ್ಲ. ಇಂಥ ನೋವು ಸೋಮಾರಿಗಳಿಗೆ ಬರುತ್ತದೆ ಅಂತಲೇ ನಾವೆಲ್ಲ ಕೇಳಿಕೊಂಡು ಬೆಳೆದಿರೋದು. ನನಗೂ ಮೊದಲು ಬಂದ ಯೋಚನೆ ಅದೇ.

ಬಾಣಂತನ ಮಾಡುವುದು ನನ್ನ ಕೆಲಸ. ಊರು ಪಾಂಡವಪುರದ ಕಡೆ. ಕರೆದವರ ಮನೆಗೆ ಬಸ್ಸು ಹತ್ತಿ ಹೋಗಿ, ಪುರುಡು, ಅಂದರೆ ಹೆರಿಗೆಯ ಸೂತಕ, ಕಳೆದು ಬಾಣಂತಿ ಗಟ್ಟಿಯಾಗುವ ತನಕ ಅಲ್ಲೇ ಇರುತ್ತೇನೆ. ತಾಯಿಗೆ ನೀರು ಹಾಕೋದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ಮೀಯಿಸೋದು, ಸಾಂಬ್ರಾಣಿ ಹೊಗೆ ಕೊಡೋದು, ಮೆಣಸಿನ ಸಾರು ಮಾಡೋದು. ಈಗೀಗ ಬೆನ್ನಿಗೆ ಸೂಜಿ ಹಾಕಿಸಿಕೊಂಡು, ಹೊಟ್ಟೆ ಕುಯ್ಸಿಕೊಂಡು ಬರುವವರೇ ಜಾಸ್ತಿ. ಹೊಲಿಗೆಗೆ ಎಣ್ಣೆ ಸೋಕಬಾರದು, ಹೊಟ್ಟೆಗೆ ಸೀರೆ ಬಿಗಿದು ಕಟ್ಟಬಾರದು, ಇಷ್ಟು ಕಲಿತಿದ್ದೆ. ಬೆನ್ನಿನ ಸೂಜಿಯ ವಿಷಯದಲ್ಲಿ ಎಲ್ಲಾ ಹೆಂಗಸರೂ ಹೇಳೋ ಒಂದು ಮಾತು ಗೊತ್ತಿತ್ತು, “ಜೀವ ಇರೋಗಂಟ ಸೊಂಟನೋವು.” ತಲೆನೋವಿನ ಮಾತು ಯಾರೂ ಆಡಿರಲಿಲ್ಲ.

ಈ ಮನೆ ಶೀಳನೆರೆ ಕಡೆಯ ಒಂದು ಹಳ್ಳಿಯಲ್ಲಿ. ಹುಡುಗಿಗೆ ಇದು ಚೊಚ್ಚಲು, ಹೆಣ್ಣು ಮಗು. ಮದುವೆಯಾದ ಮೇಲೂ ಶ್ರೀರಂಗಪಟ್ಟಣದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಕಾಲರು ಹೊಲಿಯುವ ಮಿಷನ್ನಿನ ಮುಂದೆ ಕೂತಿದ್ದವಳು, ಏಳು ತಿಂಗಳು ತುಂಬುವ ತನಕ. ಸೋಮಾರಿಯಾಗಿದ್ದರೆ ಅಲ್ಲಿ ಮೇಸ್ತ್ರಿ ಇಟ್ಟುಕೊಳ್ಳುತ್ತಿರಲಿಲ್ಲ. ಈ ಲೆಕ್ಕ ನನಗೆ ಸ್ವಲ್ಪ ತಡವಾಗಿ ಹೊಳೆಯಿತು.

ಅವಳ ಅವ್ವ ಒಳ್ಳೆ ಹೆಂಗಸು, ಆದರೆ ಹೆದರುಪುಕ್ಕಲಿ. ತವರಲ್ಲಿ ಬಾಣಂತನ ನಡೆಯುವಾಗ ಏನು ಹೆಚ್ಚುಕಮ್ಮಿಯಾದರೂ ಬೀಗರು ತವರಿನ ಕಡೆ ಬೆರಳು ತೋರಿಸುತ್ತಾರೆ ಅನ್ನೋ ಭಯ ಅವಳಿಗೆ.

“ಶೀತ ಒಕ್ಕದೆ ಕಣಕ್ಕ,” ಅಂದಳು. “ಆಸ್ಪತ್ರೇಲಿ ಫ್ಯಾನ್ ಕೆಳಗೇ ಮಲಗ್ಸಿದ್ರು. ನಾನು ಬಡ್ಕಂಡೆ, ಆ ನರ್ಸು ಕೇಳ್ನಿಲ್ಲ.”

ಶೀತ ಅಂದಮೇಲೆ ಮದ್ದು ಇದ್ದದ್ದೇ. ಮಾರನೇ ದಿನ ನೀರು ಇನ್ನೊಂದಿಷ್ಟು ಬಿಸಿ ಮಾಡಿದೆ. ಕಿವಿಗೆ ಹತ್ತಿ ಇಟ್ಟು, ತಲೆಗೆ ಎರಡು ಸುತ್ತು ಬಟ್ಟೆ ಕಟ್ಟಿದೆವು. ಹಣೆಗೆ ಶುಂಠಿ ತೇಯ್ದು ಪಟ್ಟು ಹಾಕಿದೆವು. ಮಂಚದ ಕೆಳಗೆ ಕೆಂಡದ ಬಾಂಡ್ಲಿ. ಕುಡಿಯುವ ನೀರು ಕಡಿಮೆ ಮಾಡಿದೆವು, ಊಟವಾದ ಮೇಲೆ ಒಂದು ಸಣ್ಣ ಲೋಟ, ಅದೂ ಕಾಯಿಸಿ ಆರಿಸಿದ್ದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯೋದಿಲ್ಲ, ಮಗುವಿಗೆ ನೆಗಡಿ ಅಂತ ನಮ್ಮ ಕಡೆ ಲೆಕ್ಕ. ಆ ಲೆಕ್ಕ ನಾನೂ ಎಷ್ಟೋ ಮನೆಯಲ್ಲಿ ನಡೆಸಿದ್ದೇನೆ.

ನೋವು ಇಳಿಯಲಿಲ್ಲ. ಕುತ್ತಿಗೆ ಬಿಗಿಯಿತು. ಎದ್ದು ಕೂತರೆ ಕಿವಿಯೊಳಗೆ ಸೀಟಿ ಊದಿದಂತಾಗುತ್ತದೆ ಅನ್ನುತ್ತಿದ್ದಳು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಹಾಲು ಕುಡಿಸೋದು. ಮಲಗಿಕೊಂಡು ಕುಡಿಸಿದರೆ ಹಾಲು ಮಗುವಿನ ಕಿವಿಗೆ ಇಳಿದು ಕಿವಿ ಸೋರುತ್ತದೆ ಅಂತ ಅವ್ವ ಮಗಳನ್ನು ಎಬ್ಬಿಸಿ ಕೂರಿಸುತ್ತಿದ್ದಳು. ಹುಡುಗಿ ಹಲ್ಲು ಕಚ್ಚಿಕೊಂಡು ಕೂರುವಳು. ಮಗು ಬಾಯಿ ಹಾಕಿ ನಾಲ್ಕು ಗುಟುಕು ಎಳೆಯುವಷ್ಟರಲ್ಲಿ ಇವಳ ಕಣ್ಣಲ್ಲಿ ನೀರು. ಮಗುವನ್ನು ನನ್ನ ಕೈಗೆ ತಳ್ಳಿ ದೊಪ್ಪನೆ ಮಲಗಿಬಿಡುವಳು. ಮಗು ಕಿರುಚುವುದು. ಹಾಗೆ ನೋಡನೋಡುತ್ತಾ ಎದೆಯ ಬಿಗಿ ಇಳಿಯುತ್ತಾ ಬಂತು. ಮಗು ಉಚ್ಚೆ ಹೊಯ್ದ ಬಟ್ಟೆಗಳೂ ಕಡಿಮೆಯಾದವು. ಅದನ್ನು ನಾನು ಲೆಕ್ಕ ಇಡುತ್ತೇನೆ, ಒಗೆಯೋಳು ನಾನೇ ಅಲ್ಲವಾ.

“ಮಗೀಗೆ ಪೌಡರ್ ಆಲು ತರ್ಸಾವಾ?” ಅಂದಳು ಅವ್ವ.

“ಬ್ಯಾಡ ಅವ್ವಾ,” ಹುಡುಗಿ ಮಲಗಿದ್ದಲ್ಲಿಂದಲೇ ಹೇಳಿದಳು. “ನಂದೇ ಕುಡೀಲಿ. ಇನ್ನೊಂದ್ಸಲ ಕೂರ್ತೀನಿ.”

ಅವಳು ಕೂತಳು. ನೋಡೋಕಾಗಲಿಲ್ಲ.

ಒಂದು ದಿನ ಸ್ನಾನ ಆದಮೇಲೆ ಕೂದಲ ಸಿಕ್ಕು ಬಿಡಿಸಲಿಕ್ಕೆ ಅವಳ ತಲೆಯನ್ನು ನನ್ನ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಮಾತಾಡುತ್ತಾ ಮಾತಾಡುತ್ತಾ ಅವಳಿಗೆ ತಿಳಿಯದಂತೆ ಮೆಲ್ಲಗೆ ಬೆನ್ನಿಗೆ ಕೈ ಕೊಟ್ಟು ಎತ್ತಿದೆ. ಮಾತು ಅರ್ಧಕ್ಕೇ ನಿಂತಿತು. ಮತ್ತೆ ಇಳಿಸಿದೆ. ಉಸಿರು ಬಿಟ್ಟಳು. ನಾಟಕ ಆಡುವವರು ಇಷ್ಟು ಸರಿಯಾಗಿ ಆಡೋಕಾಗಲ್ಲ. ಶೀತವೂ ಇರಲಾರದು, ಶೀತಕ್ಕೆ ನೀನು ಕೂತಿದೀಯೋ ಮಲಗಿದೀಯೋ ಅಂತ ಏನು ಗೊತ್ತು. ಅಲ್ಲಿಗೆ ನನಗೆ ಗೊತ್ತಾಗಿದ್ದು ಅಷ್ಟೇ. ಇದು ಶೀತ ಅಲ್ಲ. ಮತ್ತೆ ಏನು ಅನ್ನೋದು ಗೊತ್ತಾಗಲಿಲ್ಲ.

“ಆಸ್ಪತ್ರೇಲಿ ಇದ್ದಾಗ್ಲೇ ನೋವು ಇತ್ತಾ ಅಮ್ಮಿ?”

“ಬರಾ ಇಂದ್ಲ ದಿನ ಸುರುವಾಯ್ತು. ಡಾಕ್ಟ್ರಿಗೆ ಯೋಳ್ದೆ. ಬೆನ್ನಿನ ಸೂಜಿಯಿಂದ ಒಬ್ಬೊಬ್ರಿಗೆ ಇಂಗಾಯ್ತದೆ, ಜಾಸ್ತಿ ಮಲ್ಕೊ, ನೀರು ಚೆನ್ನಾಗಿ ಕುಡಿ, ಕಾಫಿ ಕುಡಿ, ಮಾತ್ರೆ ತಗೊ, ಕಮ್ಮಿ ಆಗ್ದಿದ್ರೆ ಬಾ ಅಂದ್ರು.”

ನಾನು ಅವ್ವನ ಮುಖ ನೋಡಿದೆ. ಅವ್ವ ಕಸಬರಿಕೆ ನೋಡುತ್ತಿದ್ದಳು.

“ಅಂಗಂತ ಯೋಳಿದ್ರಾ?”

“ಯೋಳ್ತಾರೆ ಕಣಕ್ಕ. ನೀರು ಕುಡ್ಸಿ ಅಂತ ಎಲ್ರಿಗೂ ಯೋಳ್ತಾರೆ. ನಾಳೆ ಒಟ್ಟೆ ಉಬ್ಬುದ್ರೆ ಅವ್ರು ಬಂದು ನೋಡ್ತಾರಾ?”

ಜಗಳ ಆಡಿ ಪ್ರಯೋಜನ ಇರಲಿಲ್ಲ. ಅವತ್ತಿಂದ ಅವ್ವ ದನದ ಹಟ್ಟಿ ಕಡೆ ಹೋದಾಗ ಹುಡುಗಿಗೆ ಚೊಂಬುಗಟ್ಟಲೆ ನೀರು ಕುಡಿಸಿದೆ. ಕೆಂಡದ ಬಾಂಡ್ಲಿ ಹೊರಗಿಟ್ಟೆ. ಸ್ನಾನ ಮಾತ್ರ ಉಳಿಯಿತು. ಕೂರಿಸಿ ನೀರು ಉಯ್ಯುವಂತಿಲ್ಲ ಅಂತ ಕಣ್ಣಿಗೆ ಕಾಣುತ್ತಿದೆ. “ಚಾಪೆ ಆಸಿ ಮಲಗ್ಸೇ ಉಯ್ತೀನಿ ಬುಡು,” ಅಂದೆ.

ಅವ್ವ ಹಣೆ ಚಚ್ಚಿಕೊಂಡಳು. “ಮಲಗ್ಸಿ ನೀರು ಉಯ್ಯಾದು ಯಾರ್ಗೆ ಅಂತ ನಿಂಗೊತ್ತಿಲ್ವಾ? ನನ್ ಮಗ್ಳಿಗೆ ಈಗ್ಲೇ ಆ ನೀರು ಉಯ್ತೀಯಾ?”

ಹೌದು, ಮಲಗಿಸಿ ಮೀಯಿಸೋದು ಹೆಣಕ್ಕೆ ಮಾತ್ರ. ನಾನು ಆ ಕೆಲಸವನ್ನೂ ಮಾಡಿದ್ದೇನೆ, ನನಗೆ ಎರಡಕ್ಕೂ ಭೇದ ಗೊತ್ತು. ಆದರೆ ಅವಳು ಅಳಲಿಕ್ಕೆ ಶುರು ಮಾಡಿದಳು, ಹುಡುಗಿಯೂ ಹೆದರಿದಳು. ಕೊನೆಗೆ ಬಿಸಿನೀರಲ್ಲಿ ಟವಲು ಅದ್ದಿ ಹಿಂಡಿ, ಮಲಗಿದ್ದಲ್ಲೇ ಮೈ ಒರೆಸಿದೆ. ಅವ್ವ ಅದನ್ನೂ ನೋಡದೆ ಹಟ್ಟಿಗೆ ಹೋಗಿ ಕೂತಳು.

ಪುರುಡು ಕಳೆಯುವ ದಿನ ಬಂತು. ಅವತ್ತು ತಲೆಗೆ ನೀರು ಬಿದ್ದ ಮೇಲೇ ಮನೆ ಶುದ್ಧ, ದೇವರಿಗೆ ದೀಪ, ಮಗುವಿಗೆ ತೊಟ್ಟಿಲು. ಆ ನೀರು ಹಾಕಬೇಕಾದವಳು ನಾನು. ಬೆಳಗ್ಗೆಯೇ ಬೀಗರು ಬಂದರು. ಬೀಗಿತ್ತಿ ಗಟ್ಟಿಗಿತ್ತಿ, ನಡುಮನೆಗೆ ಕಾಲಿಡುತ್ತಲೇ ಕೇಳಿದಳು.

“ಎಲ್ಲಿ, ಇನ್ನೂ ಎದ್ದಿಲ್ವಾ ರಾಣಿಯವ್ರು?”

“ತಲೆನೋವು ಕಣ್ ಬೀಗ್ತಿ,” ಅಂದಳು ಅವ್ವ, ತಾನೇ ತಪ್ಪು ಮಾಡಿದವಳ ಹಾಗೆ.

“ತಲೆನೋವಾ? ನಾವೂ ಮಕ್ಳ ಎತ್ತಿದೀವಿ. ಎತ್ತು ತಿಂಗ್ಳು ಆಗೋದ್ರೊಳಗೆ ಪೈರು ನಾಟಿದೀವಿ.”

“ನಿನ್ ಬೆನ್ನಿಗೆ ಸೂಜಿ ಆಕಿದ್ರಾ?” ಅಂದೆ ನಾನು.

“ಯಾವ್ ಸೂಜಿ? ಸಗಣಿ ಬಾಚ್ತಾ ಬಾಚ್ತಾ ಎತ್ತೆ.”

“ಅಂಗಾದ್ರೆ ನಿಂಗೆ ಗೊತ್ತಿಲ್ದೆ ಇರೋ ವಿಷ್ಯ. ಕೂತ್ಕೊ, ಕಾಫಿ ಕುಡಿ.”

ಮುಖ ಊದಿಸಿಕೊಂಡು ಕೂತಳು. ಹಂಡೆ ಕುದಿಯುತ್ತಿತ್ತು. ನಾನು ಹುಡುಗಿಯನ್ನು ನೋಡೋಣ ಅಂತ ಒಳಗೆ ಹೋದೆ. ಬಾಗಿಲಲ್ಲಿ ನಿಂತ ನನ್ನನ್ನು ಅವಳು ಒಂಥರಾ ತಲೆ ಓರೆ ಮಾಡಿ ನೋಡಿದಳು.

“ಅಜ್ಜಿ, ಪಕ್ಕದಲ್ಲಿ ಯಾರು?”

“ಯಾರೂ ಇಲ್ಲ.”

“ನೀನು ಇಬ್ರಿದ್ದೀಯ.”

ಒಂದು ಕಣ್ಣು ಮುಚ್ಚು ಅಂದೆ. ಮುಚ್ಚಿದಳು. ಈಗ ಒಬ್ಬಳೇ ಅಂದಳು. ಬಿಟ್ಟಳು. ಮತ್ತೆ ಇಬ್ಬರು. ಬಲಗಣ್ಣು ಮೂಗಿನ ಕಡೆಗೆ ಸರಿದು ನಿಂತಿತ್ತು, ಹೊರಕ್ಕೆ ಹೊರಳುತ್ತಿರಲಿಲ್ಲ. ಮಲಗಿದ್ದರೂ ತಲೆ ಸ್ವಲ್ಪ ನೋಯುತ್ತಿದೆ ಅಂದಳು. ಅದು ಹೊಸದು. ಅಲ್ಲಿತನಕ ಮಲಗಿದರೆ ಬಿಡುತ್ತಿತ್ತು.

ನಾನು ಬಚ್ಚಲಿಗೆ ಹೋದೆ. ಒಲೆಯೊಳಗಿಂದ ಉರಿಯುತ್ತಿದ್ದ ಸೌದೆಗಳನ್ನು ಒಂದೊಂದೇ ಹಿರಿದು ಅಂಗಳಕ್ಕೆ ಎಸೆದು ನೀರು ಸುರಿದೆ. ಚೊಯ್ ಅನ್ನೋ ಸದ್ದಿಗೆ ಎಲ್ಲರೂ ಎದ್ದು ಬಂದರು.

“ಏನ್ ಮಾಡ್ತಾ ಇದ್ದೀಯಕ್ಕ?” ಅವ್ವ ಕಿರುಚಿದಳು. “ಪುರುಡಿನ ನೀರು ಕಣಕ್ಕ!”

“ನಾನು ಉಯ್ಯಲ್ಲ. ಕೂರ್ಸೂ ಉಯ್ಯಲ್ಲ, ಮಲಗ್ಸೂ ಉಯ್ಯಲ್ಲ. ಕಣ್ಣು ಓಯ್ತಾ ಅದೆ ನಿನ್ ಮಗ್ಳಿಗೆ. ಗಾಡಿ ತರ್ಸು.”

“ಪುರುಡು ಕಳೀದೆ ಹೊಸ್ಲು ದಾಟ್ಸದಾ?” ಅಂದಳು ಬೀಗಿತ್ತಿ.

“ಆಸ್ಪತ್ರೆಯಿಂದ ಮನೆಗೆ ಬರುವಾಗ ದಾಟಿಲ್ವಾ? ಅದೇ ಹೊಸ್ಲು.”

ಹುಡುಗಿಯ ಗಂಡ ಗೂಡ್ಸ್ ಆಟೋ ಓಡಿಸುವವನು. ತನ್ನ ತಾಯಿ ಬೀಗಿತ್ತಿಯ ಜೊತೆ ಬಂದಿದ್ದವನು ತೊಟ್ಟಿಲನ್ನು ಇಳಿಸಿ ಇನ್ನೂ ಹಗ್ಗ ಸುತ್ತುತ್ತಿದ್ದ. ಒಳಗೆ ಹೋಗಿ ಹೆಂಡತಿ ಮುಖ ನೋಡಿ ಬಂದ. ಹಾಸಿಗೆ ಸುರುಳಿ ಸುತ್ತಿ ತಂದು ಆಟೋದಲ್ಲಿ ಹಾಸಿದ. ಕೂರಿಸಿಕೊಂಡು ಹೋದರೆ ಅವಳು ತಡೆಯೋಲ್ಲ ಅಂತ ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಅವಳನ್ನು ಮಲಗಿಸಿ, ಬಿಸಿಲಿಗೆ ಮೇಲೆ ಸೀರೆ ಕಟ್ಟಿ, ಒಂದು ಕಡೆ ಅವ್ವ, ಒಂದು ಕಡೆ ಮಗು ಎತ್ತಿಕೊಂಡು ನಾನು. ಕೆ.ಆರ್.ಪೇಟೆ ದಾಟಿ ನಾಗಮಂಗಲದ ರಸ್ತೆಗೆ ಬಿದ್ದೆವು. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಹುಡುಗಿ ನನ್ನ ಸೆರಗು ಹಿಡಿಯುತ್ತಿದ್ದಳು. ಒಂದು ಟೀ ಅಂಗಡಿ ಹತ್ತಿರ ಗಾಡಿ ನಿಂತಾಗ ಬೀಡಿ ಸೇದುತ್ತಿದ್ದ ಒಬ್ಬ ಹತ್ತಿರ ಬಂದು ಟೋಪಿ ತೆಗೆದು ಕೇಳಿದ.

“ಯಾವೂರ್ದು ತಾಯಿ? ಎಷ್ಟು ವಯಸ್ಸಾಗಿತ್ತು?”

“ಇಪ್ಪತ್ಮೂರು. ಇನ್ನೂ ಆಯ್ತಾ ಅದೆ,” ಅಂದೆ. “ಓಗಿ ಬೀಡಿ ಸೇದು.”

ಸೀರೆಯ ಕೆಳಗಿಂದ ಹುಡುಗಿ ನಕ್ಕಳು. ನಕ್ಕಿದ್ದಕ್ಕೂ ತಲೆ ನೋವಾಯಿತು. ಅವ್ವ ಅಳುವುದಕ್ಕೆ ಅದೊಂದು ನೆಪವಾಯಿತು.

ನಾಗಮಂಗಲದ ಕಡೆಯ ದೊಡ್ಡಾಸ್ಪತ್ರೆಯಲ್ಲಿ ಮೊದಲು ತಲೆಯ ಸ್ಕ್ಯಾನ್ ಮಾಡಿದರು. ಒಳಗೆ ರಕ್ತ ಕಟ್ಟಿಲ್ಲ ಅಂತ ಗೊತ್ತಾದ ಮೇಲೆ ಅರಿವಳಿಕೆ ಕೊಡುವ ಡಾಕ್ಟ್ರಮ್ಮ ಬಂದರು. ಆಪರೇಷನ್ನಿಗೆ ಮುಂಚೆ ಮೈ ಮರಗಟ್ಟಿಸುವುದು ಅವರ ಕೆಲಸ. ಚಿಕ್ಕ ವಯಸ್ಸಿನವರು, ಹೇಳುವುದನ್ನು ನೇರ ಹೇಳುವವರು. ನನಗೆ ಅಂಥವರು ಆಗುತ್ತಾರೆ.

“ಬೆನ್ನಿಗೆ ಎಷ್ಟು ಸಲ ಚುಚ್ಚಿದ್ರು, ನೆನಪಿದ್ಯಾ?”

“ಒಂದೇ ಸಲಕ್ಕೆ ಸಿಗಲಿಲ್ಲ ಮೇಡಮ್. ನೋವು ಬತ್ತಾ ಇತ್ತು, ಬಗ್ಗಿ ಅಲುಗಾಡದಂಗೆ ಕೂರಾಕಾಗಲಿಲ್ಲ ನಂಗೆ.”

“ಯಾರ ತಪ್ಪೂ ಅಲ್ಲ. ಆಗುತ್ತೆ.”

ಆಮೇಲೆ ನಮಗೆಲ್ಲ ವಿವರಿಸಿದರು. ಬೆನ್ನುಹುರಿಯ ಸುತ್ತ ಒಂದು ಚೀಲ, ಅದರೊಳಗೆ ನೀರು. ಮಿದುಳು ಆ ನೀರಿನ ಮೇಲೆ ತೇಲುತ್ತಾ ಇರುತ್ತದೆ. ಸೂಜಿ ಹೋದ ಜಾಗದಲ್ಲಿ ಸಣ್ಣ ತೂತು ಉಳಿದು ನೀರು ಜಿನುಗುತ್ತದೆ. ಮಲಗಿದರೆ ಪರವಾಗಿಲ್ಲ. ಎದ್ದು ಕೂತರೆ ಮಿದುಳು ಕೆಳಕ್ಕೆ ಜೋತುಬಿದ್ದು ನರಗಳು ಎಳೆಯುತ್ತವೆ. ಕಣ್ಣು ಹೊರಳಿಸುವ ನರಕ್ಕೂ ಆ ಎಳೆತ ಬಿದ್ದಿದೆ. ಬಹಳ ಜನಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಇವಳಿಗೆ ಮುಚ್ಚಿಲ್ಲ.

“ನೀರು ಚೆನ್ನಾಗಿ ಕುಡೀತಿದ್ರಾ?” ಅಂದರು.

ನಾನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡಾಕ್ಟ್ರಮ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಾನು ಎಷ್ಟೋ ಬೈಗುಳ ತಿಂದಿದ್ದೇನೆ, ಆ ನೋಟಕ್ಕಿಂತ ಬೈಗುಳ ವಾಸಿ.

“ನೀರು ಕುಡಿದಿದ್ರೆ ತೂತು ಮುಚ್ಚಿಬಿಡ್ತಿತ್ತು ಅಂತಲ್ಲ,” ಅಂದರು ಕೊನೆಗೆ. “ಆದ್ರೆ ಒಣಗಿಸಿದ್ದು ಒಳ್ಳೇದು ಮಾಡ್ಲಿಲ್ಲ. ಹಾಲಿಗೂ ನೀರು ಬೇಕಲ್ವಾ.”

ಅವತ್ತು ಹಿಂದಲೆಗೆ ಎರಡು ಸೂಜಿ ಹಾಕಿದರು, ಕುತ್ತಿಗೆ ತಲೆಗೆ ಸೇರುವ ಜಾಗದಲ್ಲಿ, ಎರಡೂ ಕಡೆ. ಅಲ್ಲಿ ಹಾದುಹೋಗುವ ನರವನ್ನು ಮರಗಟ್ಟಿಸಿದರೆ ನೋವಿನ ದಾರಿ ಸ್ವಲ್ಪ ಮುಚ್ಚುತ್ತದಂತೆ. ಬೆನ್ನಿನ ತಂಟೆಗೆ ಹೋಗೋಕೆ ಮುಂಚೆ ಇದನ್ನು ನೋಡೋಣ, ಆದರೆ ಇದು ನೋವಿಗೆ ಮಾತ್ರ, ತೂತಿಗಲ್ಲ ಅಂತ ಮೊದಲೇ ಹೇಳಿದರು. ನಾನು ಪಕ್ಕದಲ್ಲೇ ಕೂದಲು ಎತ್ತಿ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಹುಡುಗಿ ದಿಂಬಿಗೆ ಒರಗಿ ಕೂತಳು. ಅಷ್ಟು ದಿನದಲ್ಲಿ ಮೊದಲ ಸಲ ಮುಖ ಕಿವುಚದೆ ಕೂತಿದ್ದು. ಹಿಂದಲೆ ಜುಮ್ಮೆನ್ನುತ್ತೆ, ಬಾಚಣಿಗೆ ಆಡಿಸಿದ್ರೆ ಬೇರೆಯವರ ತಲೆ ಬಾಚಿದಂಗದೆ ಅಂದಳು. ಅವ್ವ ಆಸ್ಪತ್ರೆಯ ಗೋಡೆಗೇ ಕೈ ಮುಗಿದಳು.

ವಾರ್ಡಿನ ನರ್ಸು ಹಾಲಿನ ವಿಷಯಕ್ಕೆ ಬಂದಳು. ಮಗ್ಗುಲಿಗೆ ಮಲಗಿ, ಮಗುವಿನ ತಲೆ ಒಂಚೂರು ಎತ್ತರಕ್ಕೆ ಇಟ್ಟುಕೊಂಡು ಕುಡಿಸೋದು ಹೇಗೆ ಅಂತ ತೋರಿಸಿದಳು. ಅವ್ವ ಕಿವಿ ಸೋರುವ ಮಾತು ಎತ್ತಿದಳು. “ಕಿವಿ ಸೋರಿದ್ರೆ ಔಷಧಿ ಕೊಡ್ತೀವಿ ಅಮ್ಮ, ಹಸಿವಿಗೆ ಏನು ಕೊಡೋಣ?” ಅಂದುಬಿಟ್ಟಳು ನರ್ಸು. ಮಗು ಕುಡಿಯಿತು. ಹಾಲು ಕಡಿಮೆಯಿತ್ತು, ಆದರೂ ಕುಡಿಯಿತು.

ಮಾರನೇ ದಿನಕ್ಕೆ ಜುಮ್ಮು ಇಳಿಯಿತು. ಅದರ ಹಿಂದೆಯೇ ನೋವು ಬಂತು, ಮೊದಲಿನಷ್ಟೇ. ಕಣ್ಣು ಹಾಗೇ ಇತ್ತು.

ಆಗ ಡಾಕ್ಟ್ರಮ್ಮ ಇನ್ನೊಂದು ದಾರಿ ಹೇಳಿದರು. ಅವಳದೇ ತೋಳಿನಿಂದ ರಕ್ತ ತೆಗೆದು, ಬೆನ್ನಿನಲ್ಲಿ ಆ ಚೀಲದ ಹೊರಮಗ್ಗುಲಿಗೆ ಬಿಡೋದು. ರಕ್ತ ಅಲ್ಲಿ ಹೆಪ್ಪುಗಟ್ಟಿ ತೂತಿಗೆ ತೇಪೆಯಾಗುತ್ತದೆ. ಬಹಳ ಜನಕ್ಕೆ ಒಂದೇ ಸಲಕ್ಕೆ ವಾಸಿ, ಕೆಲವರಿಗೆ ಎರಡನೇ ಸಲ ಬೇಕಾಗುತ್ತದೆ. ಬೆನ್ನು ಭಾರ, ಕಾಲೆಳೆತ ಸ್ವಲ್ಪ ದಿನ ಇರಬಹುದು. ನಂಜಾಗೋದು, ಇನ್ನೊಂದು ತೂತು ಬೀಳೋದು ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ತಲೆನೋವು ಹೋದರೂ ಕಣ್ಣು ಸರಿಯಾಗಲು ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯಬಹುದು.

ಗಂಡ ಅಲ್ಲಿತನಕ ಗೋಡೆಗೆ ಒರಗಿ ನಿಂತಿದ್ದ. ಈಗ ಬಾಯಿ ಬಿಟ್ಟ.

“ಬ್ಯಾಡ ಮೇಡಮ್. ಬೆನ್ನಿಗೆ ಚುಚ್ಚೇ ಇಂಗಾಗಿರಾದು. ಅದೇ ಬೆನ್ನಿಗೆ ಇನ್ನೊಂದ್ಸಲನಾ? ಕಾಲ್ ಬಿದ್ದೋದ್ರೆ?”

“ಅಂಗೇ ಬುಟ್ಬುಟ್ರೆ ಎಂಗೆ? ಮನೇಲಿ ಮಲಗ್ಸಿ ನೋಡ್ಕೊಂಡ್ರೆ?” ಅಂದಳು ಅವ್ವ.

“ತಾನೇ ಹೋಗಬಹುದು. ಹೋಗದೆನೂ ಇರಬಹುದು. ಹೀಗೇ ಬಿಟ್ರೆ ತಲೆಯೊಳಗೆ ರಕ್ತ ಕಟ್ಟೋ ಅಪಾಯ ಇದೆ,” ಅಂದರು ಡಾಕ್ಟ್ರಮ್ಮ. “ಯೋಚನೆ ಮಾಡಿ.” ಹೊರಗೆ ಹೋದರು.

ಬೀಗಿತ್ತಿ ಫೋನಿನಲ್ಲೇ ಬೇಡ ಅಂದಳಂತೆ. ಅವ್ವ ನನ್ನ ಕೈ ಹಿಡಿದಳು. “ನೀನೇ ಯೋಳಕ್ಕ. ನೀನು ಎಷ್ಟು ಬಾಣಂತೀರ್ನ ನೋಡಿದೀಯ.”

ನೀರು ಎಷ್ಟು ಬಿಸಿ ಇರಬೇಕು ಅಂತ ನನಗೆ ಗೊತ್ತು. ಬೆನ್ನೊಳಗೆ ರಕ್ತ ಬಿಡಬೇಕೋ ಬೇಡವೋ ಅಂತ ನಾನು ಹೇಗೆ ಹೇಳಲಿ. ಹೌದು ಅಂದು ಕಾಲು ಬಿದ್ದರೆ ಅದು ನನ್ನ ಮಾತು, ಬೇಡ ಅಂದು ಕಣ್ಣು ಹೋದರೆ ಅದೂ ನನ್ನ ಮಾತು. “ನನ್ ಕೇಳ್ಬ್ಯಾಡ,” ಅಂದೆ. “ಬೆನ್ನು ಯಾರ್ದೋ ಅವ್ಳನ್ನ ಕೇಳು.”

ಯಾರೂ ಅವಳನ್ನು ಕೇಳಿರಲಿಲ್ಲ. ಮಲಗಿದ್ದವಳ ತಲೆಯ ಮೇಲೆಯೇ ಅಷ್ಟೂ ಮಾತು ನಡೆದಿತ್ತು.

ಹುಡುಗಿ ಗಂಡನ ಕಡೆ ತಿರುಗಿದಳು. ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಅವನು ಒಬ್ಬನೇ ಕಾಣಲಿ ಅಂತ.

“ಆ ಸೂಜಿನ ಬಯ್ಬ್ಯಾಡ ನೀನು. ಅದು ಆಕಿದ್ ಮ್ಯಾಲೆ ಒಂದು ಚಣದಲ್ಲಿ ನೋವೆಲ್ಲ ನಿಂತೋಯ್ತು. ಒಟ್ಟೆ ಕುಯ್ತಾವ್ರೆ ಅಂತ ಗೊತ್ತಾಯ್ತಾ ಇತ್ತು, ನೋವಿಲ್ಲ. ಮಗು ಅತ್ತಿದ್ದು ನಾನೇ ಮೊದ್ಲು ಕೇಳಿದ್ದು, ನೀನು ಆಚೆ ನಿಂತಿದ್ದೆ. ಸೂಜೀಲಿ ಬಂದಿದ್ದು, ಸೂಜೀಲೇ ಓಗ್ಲಿ. ನಂಗೆ ಕೂರ್ಬೇಕು. ಕೂತ್ಕೊಂಡು ಮಗೀನ ಎತ್ಕೋಬೇಕು.”

“ಏನಾರ ಆದ್ರೆ?”

“ಈಗ ಆಗಿಲ್ವಾ?”

ಗಂಡ ಹೊರಗೆ ಹೋಗಿ ಡಾಕ್ಟ್ರಮ್ಮನನ್ನು ಕರೆದುಕೊಂಡು ಬಂದ. ಸಹಿ ಅವಳೇ ಹಾಕಿದಳು, ಮಲಗಿಕೊಂಡೇ, ಅಕ್ಷರ ಎಲ್ಲಾ ಬೆಟ್ಟ ಹತ್ತಿದಂತೆ ಮೇಲಕ್ಕೆ ಹೋದವು.

ಒಳಗೆ ಕರೆದುಕೊಂಡು ಹೋದಾಗ ಮಗು ನನ್ನ ಹತ್ತಿರ ಇತ್ತು. ಒಳಗೆ ಏನಾಯಿತು ಅಂತ ಆಮೇಲೆ ಅವಳೇ ಹೇಳಿದ್ದು. ಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ಒತ್ತಿಸಿ, ಮೊದಲು ಚರ್ಮ ಮರಗಟ್ಟಿಸಿದರು. ಒಬ್ಬರು ತೋಳಿನಿಂದ ರಕ್ತ ಎಳೆಯುತ್ತಿದ್ದರು, ಡಾಕ್ಟ್ರಮ್ಮ ಬೆನ್ನಿಗೆ ಮೆಲ್ಲಗೆ ಬಿಡುತ್ತಿದ್ದರು. ಬೆನ್ನು ತುಂಬಿದಂಗಾದ್ರೆ ಹೇಳು ಅಂದಿದ್ದರಂತೆ. ತುಂಬಿದ ಕೂಡಲೇ ಹೇಳಿದಳು, ನಿಲ್ಲಿಸಿದರು. ನೋವು ಅಷ್ಟೇನಿರಲಿಲ್ಲ, ಹೆದರಿಕೆ ಇತ್ತು ಅಂದಳು.

ಹೊರಗೆ ನಾವು ಕೂತಿದ್ದೆವು. ಮಗು ಅತ್ತಿತು. ಅವ್ವ ಪೌಡರ್ ಹಾಲು ಕಲಸಿ ಬಾಟ್ಲಿಗೆ ಹಾಕಿದಳು, ನಾನು ಬೇಡ ಅನ್ನಲಿಲ್ಲ. ಆ ಹೊತ್ತಿಗೆ ಮಗುವಿಗೆ ತಾಯಿ ಉಳಿಯುತ್ತಾಳೋ ಅನ್ನೋದೇ ನಮಗೆ ಗೊತ್ತಿರಲಿಲ್ಲ, ಹಾಲಿನ ಮಾತೆಲ್ಲಿ. ಗಂಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತಿದ್ದ. “ಕೂತ್ಕೊಳ್ಲಾ, ತಲೆ ತಿರುಗ್ತದೆ ನಮ್ಗೆ,” ಅಂದೆ. ಕೂತ. ಮತ್ತೆ ಎದ್ದ.

ಹೊರಗೆ ತಂದು ಮಧ್ಯಾಹ್ನದ ತನಕ ಚಪ್ಪಟೆ ಮಲಗಿಸಿದ್ದರು. ಆಮೇಲೆ ಡಾಕ್ಟ್ರಮ್ಮ ಬಂದು ಎದ್ದು ಕೂರು ಅಂದರು. ಅವಳು ಏಳಲಿಲ್ಲ. ಅಷ್ಟು ದಿನ ಕೂತಾಗಲೆಲ್ಲ ಏಟು ತಿಂದವಳು, ಏಳು ಅಂದರೆ ಮೈ ಕೇಳಬೇಕಲ್ಲ. ನಾನು ಬೆನ್ನಿಗೆ ಕೈ ಕೊಡೋಕೆ ಹೋದೆ, ಬೇಡ ಅಂದಳು. ಮಂಚದ ಕಂಬಿ ಹಿಡಿದು ತಾನೇ ಎದ್ದಳು. ಕೂತಳು. ಕತ್ತನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿಕೊಂಡಳು.

“ತಲೆ ಅಗುರವಾಗದೆ,” ಅಂದಳು ಆಮೇಲೆ. “ಸೊಂಟ ಇಡ್ಕಂಡದೆ. ತಲೆ ಏನಿಲ್ಲ.”

ಹೊರಡುವ ಮುಂಚೆ ಡಾಕ್ಟ್ರಮ್ಮ ಒಂದಷ್ಟು ಹೇಳಿದರು. ಭಾರ ಎತ್ತಬೇಡ, ಬಗ್ಗಬೇಡ. ಜ್ವರ ಬಂದರೆ, ಕಾಲು ಬಲ ಕಡಿಮೆಯಾದರೆ, ಒಂದಕ್ಕೆ ಹೋಗೋದು ಕಟ್ಟಿದರೆ ಆ ಕ್ಷಣಕ್ಕೆ ಬರಬೇಕು. ನಾನು ಮನಸ್ಸಿನಲ್ಲಿದ್ದದ್ದು ಕೇಳಿದೆ.

“ಬೆನ್ನಿಗೆ ಸೂಜಿ ಆಕಿದ್ರೆ ಜೀವ ಇರೋಗಂಟ ಸೊಂಟನೋವು ಅಂತಾರೆ. ನಿಜವಾ?”

“ಚುಚ್ಚಿದ ಜಾಗ ಕೆಲವು ದಿನ ನೋಯುತ್ತೆ. ವರ್ಷಗಟ್ಟಲೆ ನೋವಿಗೆ ಸೂಜಿ ಕಾರಣ ಅಲ್ಲ ಅಜ್ಜಿ. ಬಸುರಿ, ಮಗು ಎತ್ತೋದು, ಬಗ್ಗಿ ಹಾಲು ಕುಡಿಸೋದು, ಕೆಲಸ.”

ಅರ್ಧ ನಂಬಿದೆ. ನನಗೆ ಯಾವ ಸೂಜಿಯೂ ಹಾಕಿರಲಿಲ್ಲ, ಸೊಂಟನೋವು ಇದೆ. ಉಳಿದರ್ಧಕ್ಕೆ, ನಾನು ನೀರು ಹಾಕಿದ ಎಷ್ಟೋ ಹುಡುಗಿಯರು ಇವತ್ತಿಗೂ ಅದೇ ಜಾಗ ಮುಟ್ಟಿ ತೋರಿಸುತ್ತಾರೆ. ಯಾರು ಸರಿಯೋ.

ಮನೆಗೆ ಬಂದ ಮೇಲೆ ಎಲ್ಲಾ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬಾಟ್ಲಿ ರುಚಿ ಕಂಡ ಮಗು ಎದೆಗೆ ಬಾಯಿ ಹಾಕಿ ಮುಖ ತಿರುಗಿಸುತ್ತಿತ್ತು. ಹಾಲು ಅರ್ಧ ಬಂತು, ಅರ್ಧ ಬಾಟ್ಲಿಯದೇ ಆಯಿತು. ಹುಡುಗಿಯ ಬಲಗಾಲು ಕೆಲವು ದಿನ ಎಳೆಯಿತು. ಅದು ಹೋಯಿತು. ಕಣ್ಣು ಹೋಗಲಿಲ್ಲ, ಬರಲೂ ಇಲ್ಲ. ಒಂದು ದಿನ ಸೂಜಿಗೆ ದಾರ ಪೋಣಿಸಲು ಕೂತಳು. ಎರಡು ಸೂಜಿ ಕಂಡವು. 

“ಕಾಲರ್ ಎಂಗೆ ಒಲಿಯದು ಅಜ್ಜಿ?” ಅಂದಳು. “ಮಿಷನ್ ಕಾಯಲ್ಲ. ಬೆರಳೇ ಓಯ್ತದೆ.”

“ತಿಂಗ್ಳು ಇಡೀತದೆ ಅಂದವ್ರಲ್ಲ.”

“ತಿಂಗ್ಳು ಅಂದ್ರು. ಎಷ್ಟು ಅಂತ ಅನ್ನಿಲ್ಲ.”

ಅವಳ ಕೈಯಿಂದ ಸೂಜಿ ಇಸಿದುಕೊಂಡು ನಾನೇ ದಾರ ಪೋಣಿಸಿ ಕೊಟ್ಟೆ. ಮೇಸ್ತ್ರಿ ಫೋನು ಮಾಡಿ ಯಾವಾಗ ಬರ್ತೀಯ ಅಂತ ಕೇಳಿದಾಗ ಅವಳು ಮಗುವಿನ ನೆಪ ಹೇಳಿದಳು. ಕಣ್ಣಿನ ಮಾತು ಆಡಲಿಲ್ಲ.

ಬೀಗಿತ್ತಿ ಮಗು ನೋಡೋಕೆ ಬಂದವಳು, ಎಲ್ಲಾ ಆ ಬಿಸಿನೀರಿನಿಂದ ಆಗಿದ್ದು ಅಂತ ನನ್ನ ಎದುರಿಗೇ ಅಂದಳು. ಬಿಸಿನೀರು ಬೆನ್ನಲ್ಲಿ ತೂತು ಕೊರೆಯುವುದಿಲ್ಲ ಅಂದೆ. ಆದರೆ ಆ ಕೆಂಡ, ಆ ಒಣ ಗಂಟಲು, ಎಬ್ಬಿಸಿ ಎಬ್ಬಿಸಿ ಕೂರಿಸಿದ್ದು, ಅವು ಯಾವುದೂ ಅವಳಿಗೆ ಸುಖ ಕೊಡಲಿಲ್ಲ ಅನ್ನೋದು ನನಗೆ ಗೊತ್ತಿದೆ. ಅದನ್ನು ಬೀಗಿತ್ತಿಗೆ ಹೇಳಬೇಕಾದ ಅಗತ್ಯ ಕಾಣಲಿಲ್ಲ.

ಅದಾದ ಮೇಲೆ ಉಳಿದಿದ್ದು ಪುರುಡಿನ ನೀರು. ತಡವಾದರೂ ಆಗಲೇಬೇಕು ಅಂದಳು ಅವ್ವ. ಅಲ್ಲಿತನಕ ದೇವರ ಕೋಣೆ ಬಾಗಿಲು ಹಾಕಿತ್ತು, ತೊಟ್ಟಿಲು ಮೂಲೆಯಲ್ಲಿ ನಿಂತಿತ್ತು. ನಾನು ಹಂಡೆ ಕಾಯಿಸಿದೆ, ಮೊದಲಿನಷ್ಟು ಬಿಸಿ ಮಾಡಲಿಲ್ಲ. ಹುಡುಗಿ ಒಬ್ಬಳೇ ನಡೆದು ಬಂದು ಸ್ಟೂಲಿನ ಮೇಲೆ ಕೂತಳು. ಒಂದು ಕಣ್ಣಿಗೆ ಡಾಕ್ಟರು ಕೊಟ್ಟ ಪಟ್ಟಿ ಅಂಟಿಸಿಕೊಂಡಿದ್ದಳು, ಅದನ್ನು ಬಿಚ್ಚಿ ಕಿಟಕಿಯಲ್ಲಿಟ್ಟು ಆ ಕಣ್ಣನ್ನು ಮುಚ್ಚಿಕೊಂಡಳು.

ಚೊಂಬು ತುಂಬಿ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಅವಳ ಹುಬ್ಬು ನೋಡುತ್ತಾ ನಿಂತೆ, ಈಗ ಗಂಟಿಕ್ಕುತ್ತದೆ, ಈಗ ಗೋಡೆಗೆ ಒರಗುತ್ತಾಳೆ ಅಂತ. ಬಾಗಿಲ ಹೊರಗೆ ಅವ್ವನೂ ನಿಂತಿದ್ದಳು, ಅವಳ ನೆರಳು ಬಚ್ಚಲ ಕಲ್ಲಿನ ಮೇಲೆ ಬಿದ್ದಿತ್ತು, ಅದೂ ಅಲ್ಲಾಡಲಿಲ್ಲ. ಹುಡುಗಿ ನೆಟ್ಟಗೆ ಕೂತಿದ್ದಳು. ನೀರು ಬರಲಿಲ್ಲ ಅಂತ ಬಿಟ್ಟ ಕಣ್ಣನ್ನು ನನ್ನ ಕಡೆ ತಿರುಗಿಸಿದಳು.

“ಉಯ್ಯಿ ಅಜ್ಜಿ,” ಅಂದಳು. “ನೀರು ಆರೋಯ್ತದೆ.”

ಉಯ್ದೆ.